ಕಿಟಕಿಯಕ್ಕನ ಪಟ್ಟಿ

ನನ್ನ ನಾದಿನಿಯ ಬಗ್ಗೆ ಬರೆಯುವುದಾದರೆ ಅವಳ ಚಪ್ಪಲಿಯಿಂದ ಶುರು ಮಾಡು ಪುಟ್ಟಿ. ನಗಬೇಡ, ಚಪ್ಪಲಿಯಿಂದಲೇ. ಎಡಗಾಲಿನದು ಟಪ್ ಅನ್ನುತ್ತಿತ್ತು, ಬಲಗಾಲಿನದು ಸರಕ್ ಅನ್ನುತ್ತಿತ್ತು. ಮೂರು ಮಹಡಿಯ ಹಾಸ್ಟೆಲಿನ ಯಾವ ಮೂಲೆಯಲ್ಲಿ ಆ ಟಪ್-ಸರಕ್ ಕೇಳಿಸಿದರೂ ಸಾಕು, ಇನ್ನೂರ ಹನ್ನೆರಡು ಹುಡುಗಿಯರೂ ಕದ್ದಿಟ್ಟ ಕರೆಂಟ್ ಒಲೆಗಳನ್ನು ಮಂಚದ ಕೆಳಗೆ ತಳ್ಳುತ್ತಿದ್ದರು. ಅವಳಿಗೆ ಗೊತ್ತಾಗುತ್ತಿರಲಿಲ್ಲ ಅಂದುಕೊಂಡೆಯಾ? ಎಲ್ಲಾ ಗೊತ್ತಿತ್ತು. ಬೇಕೆಂದೇ ಸದ್ದು ಮಾಡಿಕೊಂಡು ನಡೆಯುತ್ತಿದ್ದಳು.

“ಕಳ್ಳರಿಗೆ ಸ್ವಲ್ಪ ಟೈಮ್ ಕೊಡ್ಬೇಕು ಅತ್ತಿಗೆ,” ಅನ್ನುತ್ತಿದ್ದಳು. “ಗಾಬರಿಲಿ ತಳ್ಳಿದ್ರೆ ಹಾಸಿಗೆಗೆ ಬೆಂಕಿ ಹತ್ಕೊಳುತ್ತೆ.”

ಅವಳು ನಿನ್ನ ತಾತನ ತಂಗಿ. ವಿಶ್ವವಿದ್ಯಾಲಯದ ಹುಡುಗಿಯರ ಹಾಸ್ಟೆಲಿನಲ್ಲಿ ಕ್ಲರ್ಕು. ಹೊಸದಾಗಿ ಬಂದವರಿಗೆ ಕೋಣೆ ಹಂಚುವುದು, ಬೀಗದ ಕೈ ಕೊಡುವುದು, ಹೋದವರಿಂದ ವಾಪಸ್ ಇಸಿದುಕೊಳ್ಳುವುದು, ಇಷ್ಟು ಅವಳ ಕೆಲಸ. ನಾನು ಅದೇ ಆವರಣದ ಸಣ್ಣ ಆಸ್ಪತ್ರೆಯಲ್ಲಿ ನರ್ಸು. ನಿನ್ನ ತಾತ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆಯುವ ಅಟೆಂಡರು. ಹೊರಗೆ ಅಷ್ಟು ಜೋಪಾನವಾಗಿ ಗಾಜು ಹಿಡಿಯುವ ಮನುಷ್ಯ ಮನೆಯಲ್ಲಿ ಒಂದು ಲೋಟ ಎತ್ತಿಟ್ಟವರಲ್ಲ, ಅದು ಬೇರೆ ಮಾತು. ಮೂವರೂ ಹಿಂದಿನ ಗೇಟಿನ ಪಕ್ಕದ ಒಂದೇ ಕ್ವಾರ್ಟರ್ಸಿನಲ್ಲಿದ್ದೆವು. ಅತ್ತಿಗೆ ನಾದಿನಿ ಅಂದರೆ ಎಣ್ಣೆ ಸೀಗೆಕಾಯಿ ಅನ್ನುತ್ತಾರೆ. ನಾವೂ ಹಾಗೇ ಇದ್ದೆವು, ಆದರೆ ಎಣ್ಣೆ ಹಚ್ಚಿದ ತಲೆಗೆ ಸೀಗೆಕಾಯಿ ಬೇಕೇ ಬೇಕಲ್ಲ.

ಅವಳನ್ನು ಆವರಣದಲ್ಲೆಲ್ಲ ಕಿಟಕಿಯಕ್ಕ ಅಂತಲೇ ಕರೆಯುತ್ತಿದ್ದರು. ಯಾಕೆ ಅಂದರೆ ಅವಳು ಕೋಣೆ ಹಂಚುವ ರೀತಿ ಹಾಗಿತ್ತು. ಹೊಸ ಹುಡುಗಿ ಟ್ರಂಕು ಇಳಿಸಿ, ಬೆವರು ಒರೆಸಿಕೊಂಡು ಮೇಜಿನ ಮುಂದೆ ನಿಂತರೆ ಇವಳು ತಲೆಯೆತ್ತದೆ ಮೂರೇ ಪ್ರಶ್ನೆ ಕೇಳುತ್ತಿದ್ದಳು.

“ಮಲಗುವಾಗ ಕಿಟಕಿ ತೆಗ್ದಿರ್ಬೇಕೋ ಮುಚ್ಚಿರ್ಬೇಕೋ?”

“ತೆಗ್ದಿರ್ಬೇಕು.”

“ಗೊರಕೆ ಹೊಡೀತೀಯಾ?”

“ಇಲ್ಲ.”

“ಎಲ್ಲರೂ ಇಲ್ಲ ಅಂತಾರೆ. ದೀಪ ಎಷ್ಟೊತ್ತಿಗೆ ಆರಿಸ್ತೀಯ?”

ಅಷ್ಟೇ. ಕಿಟಕಿ ತೆಗೆಯುವವರು ಒಂದು ಕಡೆ, ಮುಚ್ಚುವವರು ಒಂದು ಕಡೆ. ಗೊರಕೆಯವರಿಗೆ ಕಿವುಡು ನಿದ್ದೆಯವರು ಜೊತೆ. ಯಾರ ಮಗಳು, ಎಲ್ಲಿಂದ ಬಂದೆ, ಮನೆಯಲ್ಲಿ ಯಾವ ಮಾತು, ಯಾವುದನ್ನೂ ಕೇಳುತ್ತಿರಲಿಲ್ಲ. ದೊಡ್ಡ ಆದರ್ಶ ಅಂತ ಬರೆದುಬಿಡಬೇಡ. ಅವಳಿಗೆ ಅದು ಹೊಳೆದೇ ಇರಲಿಲ್ಲ. ಹಾಸ್ಟೆಲಿನಲ್ಲಿ ಜಗಳ ಬರುವುದು ಕಿಟಕಿಗೆ, ದೀಪಕ್ಕೆ, ಗೊರಕೆಗೆ. ಮಿಕ್ಕದ್ದು ತಿಳಿದುಕೊಂಡು ಏನು ಮಾಡಬೇಕು? ಅವಳ ಮದುವೆ ತಪ್ಪಿದ್ದೂ ಇದರಿಂದಲೇ. ಒಂದು ಒಳ್ಳೆಯ ಸಂಬಂಧ ಬಂದಿತ್ತು. ಆ ಗಂಡಿಗೂ ಇವಳು ಕಿಟಕಿಯ ಪ್ರಶ್ನೆ ಹಾಕಿದಳು. ಅವನು ಮುಚ್ಚಿರಬೇಕು ಅಂದ. “ಆಗಲ್ಲ ಬಿಡಿ,” ಅಂತ ಎದ್ದುಬಿಟ್ಟಳು. ನಿನ್ನ ತಾತ ಒಂದು ತಿಂಗಳು ತಂಗಿಯ ಜೊತೆ ಮಾತು ಬಿಟ್ಟಿದ್ದರು.

ನಮ್ಮ ಸೀಮೆಯಲ್ಲಿ ಮೂರು ಜನ ಅಂತ ನಿನಗೆ ಗೊತ್ತಲ್ಲ. ಬಯಲಿನವರು, ಅಂದರೆ ನಾವು. ಹೊಳೆಯಾಚೆಯವರು. ಆಮೇಲೆ ಗುಡ್ಡದವರು. ಮೂವರಿಗೂ ಬೇರೆ ಬೇರೆ ಮಾತು, ಬೇರೆ ಲಿಪಿ. ಕಿಟಕಿಯಕ್ಕನ ಲೆಕ್ಕದಲ್ಲಿ ಈ ಮೂರೂ ಕಲಸಿಹೋಗಿದ್ದವು. ಎರಡನೇ ಮಹಡಿಯ ಮೂಲೆ ಕೋಣೆಯಲ್ಲಿ ಒಬ್ಬಳು ಗುಡ್ಡದವಳು, ಒಬ್ಬಳು ಬಯಲಿನವಳು, ಒಬ್ಬಳು ಹೊಳೆಯಾಚೆಯವಳು ನಾಲ್ಕು ವರ್ಷ ಒಟ್ಟಿಗೆ ಇದ್ದರು. ಅವರು ಒಬ್ಬರಿಂದ ಒಬ್ಬರು ಮೊದಲು ಕಲಿತದ್ದು ಬೈಗುಳ. ಆಮೇಲೆ ಜೋಗುಳ. ವ್ಯಾಕರಣ ಕೊನೆಗೂ ಕಲಿಯಲಿಲ್ಲ.

ಈಗ ರಕ್ತದ ವಿಷಯಕ್ಕೆ ಬರುತ್ತೇನೆ, ಇದನ್ನು ಸರಿಯಾಗಿ ಬರೆದುಕೋ. ಅದೊಂದು ವರ್ಷ ಒಬ್ಬ ಹುಡುಗಿ ಮೆಟ್ಟಿಲಿನಿಂದ ಜಾರಿ ಬಿದ್ದು ಹೊಟ್ಟೆಯೊಳಗೆ ರಕ್ತ ಸೋರಿತು. ರಕ್ತ ಕೊಡಬೇಕು. ಅವಳದು ಬಿ ನೆಗೆಟಿವ್. ನಾನು ಹುಚ್ಚಿಯ ಹಾಗೆ ಕೋಣೆ ಕೋಣೆಗೆ ಓಡಿದೆ, ಯಾರದು ಬಿ, ಯಾರದು ಬಿ ಅಂತ. ಒಬ್ಬಳಿಗಾದರೂ ತನ್ನ ರಕ್ತ ಯಾವುದೆಂದು ಗೊತ್ತಿರಬೇಕಲ್ಲ! ಊರೆಲ್ಲ ಹುಡುಕಿ ತಂದದ್ದರಿಂದ ಆ ಹುಡುಗಿ ಬದುಕಿದಳು. ಮಾರನೇ ದಿನವೇ ಕಿಟಕಿಯಕ್ಕ ತನ್ನ ರಿಜಿಸ್ಟರಿನಲ್ಲಿ ಸ್ಕೇಲು ಇಟ್ಟು ಇನ್ನೊಂದು ಗೆರೆ ಎಳೆದಳು. ನಾನು ಎಲ್ಲರ ಬೆರಳು ಚುಚ್ಚಿದೆ, ಅವಳು ಬರೆದಳು. ಕಾಲಂ ಬಹಳ ಕಿರಿದಾಗಿತ್ತು. ‘ರಕ್ತದ ಗುಂಪು’ ಅಂತ ಹಿಡಿಸಲಿಲ್ಲ. ಬರೀ ‘ಗುಂಪು’ ಅಂತ ಬರೆದಳು. ಆಮೇಲೆ ಎಂಟು ವರ್ಷ ನಮ್ಮ ಹಾಸ್ಟೆಲಿನಲ್ಲಿ ಗುಂಪು ಅಂದರೆ ಅದೇ ಅರ್ಥ.

ಆ ಎಂಟು ವರ್ಷ ಕಳೆಯುವ ಹೊತ್ತಿಗೆ ಚುನಾವಣೆ ಬಂತು. ಬಯಲಿನವರ ಪಕ್ಷ ಗೆದ್ದಿತು. ನಮ್ಮವರೇ ಗೆದ್ದರಲ್ಲ ಅಂತ ನಿನ್ನ ತಾತ ಲ್ಯಾಬಿನಲ್ಲಿ ಎಲ್ಲರಿಗೂ ಟೀ ಕೊಡಿಸಿದರು. ಕುಲಪತಿಗಳು ಗುಡ್ಡದವರು, ಗಣಿತದ ಮೇಷ್ಟ್ರು. ಅವರು ಅನಾರೋಗ್ಯದ ನಿಮಿತ್ತ ರಜೆ ಮೇಲೆ ಹೋದರು ಅಂತ ನೋಟೀಸು ಬಂತು. ಅದರ ಹಿಂದಿನ ದಿನ ಅವರ ಬಿ.ಪಿ. ನೋಡಿದವಳು ನಾನೇ. ನೂರಾ ಇಪ್ಪತ್ತು, ಎಂಬತ್ತು. ಇಪ್ಪತ್ತರ ಹುಡುಗನಿಗೂ ಅಷ್ಟು ಚೆನ್ನಾಗಿರುವುದಿಲ್ಲ.

ಹೊಸ ಕುಲಪತಿ ಪಕ್ಷದ ಕಚೇರಿಯಿಂದಲೇ ನೇರವಾಗಿ ಬಂದವರು. ಬಂದ ವಾರದಲ್ಲಿ ಬೋರ್ಡುಗಳಿಗೆ ಬಣ್ಣ ಬಳಿಸಿದರು. ಮೂರು ಲಿಪಿಯಲ್ಲಿದ್ದ ಬೋರ್ಡು ಒಂದೇ ಲಿಪಿಗೆ ಬಂತು. ಆದರೆ ಬಣ್ಣ ತೆಳು. ಮಧ್ಯಾಹ್ನದ ಬಿಸಿಲು ಬಿದ್ದಾಗ ಹಳೆಯ ಅಕ್ಷರ ಕೆಳಗಿನಿಂದ ಕಾಣುತ್ತಿತ್ತು, ಮುಚ್ಚಿದ ಗಾಯ ಒಳಗೇ ಕೀವು ಕಟ್ಟಿದ ಹಾಗೆ. ನಾನು ಆಸ್ಪತ್ರೆಯವಳು, ನನಗೆ ಇಂಥದ್ದೇ ಹೋಲಿಕೆ ಬರುವುದು, ಬೇಕಾದರೆ ಹೊಡೆದುಹಾಕು. ಆಮೇಲೆ ಪಟ್ಟೆ ಶರ್ಟಿನವರು ಬಂದರು. ಪಕ್ಷದ ವಿದ್ಯಾರ್ಥಿ ಸಂಘದವರು. ಎಲ್ಲರಿಗೂ ಒಂದೇ ತರದ ನೀಲಿ ಪಟ್ಟೆಯ ಶರ್ಟು. ಅವರಲ್ಲಿ ಕೆಲವರಿಗೆ ವಿದ್ಯಾರ್ಥಿಯಾಗುವ ವಯಸ್ಸು ದಾಟಿ ಹತ್ತು ವರ್ಷವಾಗಿತ್ತು.

ಒಂದು ದಿನ ಕಚೇರಿಯಿಂದ ನಮ್ಮ ಹಾಸ್ಟೆಲಿಗೆ ಅಚ್ಚು ಹಾಕಿಸಿದ ಫಾರಂ ಬಂತು. ಹೆಸರು, ಕೋಣೆ, ತರಗತಿ, ಗುಂಪು. ಮೂರು ದಿನದಲ್ಲಿ ತುಂಬಿ ಕಳಿಸತಕ್ಕದ್ದು.

ಕಿಟಕಿಯಕ್ಕ ಎಷ್ಟು ಸಂತೋಷಪಟ್ಟಳು ಅಂತ! “ನೋಡಿ ಅತ್ತಿಗೆ, ನಮ್ಮ ಕಾಲಂ ಕೊನೆಗೂ ಮೇಲಿನವರ ಕಣ್ಣಿಗೆ ಬಿತ್ತು,” ಅಂದಳು. ಅಡುಗೆಮನೆಯ ಮೇಜಿನ ಮೇಲೆ ಫಾರಂ ಹರಡಿಕೊಂಡು ಕೂತಳು. ಓ, ಎ, ಬಿ, ಎಬಿ. ಅಪರೂಪದ ನೆಗೆಟಿವ್‌ಗಳಿಗೆ ಕೆಂಪು ಶಾಯಿಯಲ್ಲಿ ಗುರುತು. ಇಬ್ಬರದು ಅನುಮಾನವಿತ್ತು, ನನ್ನ ಕೈಲಿ ಮತ್ತೆ ಬೆರಳು ಚುಚ್ಚಿಸಿದಳು. ಇನ್ನೂರ ಹನ್ನೆರಡು ಹೆಸರು, ಒಂದೂ ತಪ್ಪಿಲ್ಲ. ಕೊನೆಗೆ ತಾನೇ ಒಂದು ಸಾಲು ಸೇರಿಸಿದಳು: ‘ಹುಡುಗರ ಹಾಸ್ಟೆಲಿನವರೂ ಇದನ್ನು ಮಾಡಿದರೆ ಬಹಳ ಉಪಕಾರವಾಗುತ್ತದೆ.’

ಆ ಫಾರಂ ಕುಲಪತಿಗಳ ಸಭೆಯಲ್ಲಿ, ಪಟ್ಟೆ ಶರ್ಟಿನವರ ಎದುರಿಗೇ ಬಿಚ್ಚಿಕೊಂಡಿತು. ಕೇಳಿದ್ದು ಯಾರು ಬಯಲು, ಯಾರು ಗುಡ್ಡ ಅಂತ. ಬಂದದ್ದು ಓ ಪಾಸಿಟಿವ್!

ಸಂಜೆಯೊಳಗೆ ಸುದ್ದಿ ಆವರಣವೆಲ್ಲ ಸುತ್ತಿತು. ಮೇಷ್ಟ್ರುಗಳು ಬಂದು ಇವಳ ಕೈ ಕುಲುಕಿದರು. ಇತಿಹಾಸ ಪಾಠ ಹೇಳುವ ಮೇಡಂ ತಬ್ಬಿಕೊಂಡು ಅತ್ತರು. ಲೈಬ್ರರಿಯ ಗೋಡೆಯ ಮೇಲೆ ಯಾರೋ ದೊಡ್ಡದಾಗಿ ‘ನಮ್ಮದು ಎಬಿ ಗುಂಪು, ನಿಮ್ಮದು?’ ಅಂತ ಬರೆದರು. ಇವಳು ಏನೂ ಅರ್ಥವಾಗದೆ ಮನೆಗೆ ಬಂದಳು.

“ಅತ್ತಿಗೆ, ನಾನೇನ್ ಮಾಡ್ದೆ?”

“ನೀನೇನೋ ಭಾರಿ ಧೈರ್ಯ ಮಾಡಿದ್ಯಂತೆ.”

“ಯಾವಾಗ?”

ನಿನ್ನ ತಾತ ಮಾತ್ರ ನಗಲಿಲ್ಲ. “ನಮ್ಮನೇಲಿ ಜಾಣರು ಇಲ್ಲ ಅನ್ಕೊಂಡಿದ್ದೆ,” ಅಂದರು. “ಈಗ ದಡ್ಡರೇ ಜಾಣರಾಗಿ ಕೂತವ್ರೆ. ಇನ್ನು ಯಾರ ಮನೆ ಹಾಳಾಗುತ್ತೋ.”

ಎರಡು ದಿನ ಬಿಟ್ಟು ಕಚೇರಿಯ ಸೂಪರಿಂಟೆಂಡೆಂಟ್ ಹಾಸ್ಟೆಲಿಗೆ ಬಂದರು. ಕೆಟ್ಟವರಲ್ಲ ಅವರು. ಮೆಲುಮಾತು, ಯಾವಾಗಲೂ ಕೈಯಲ್ಲಿ ಕರವಸ್ತ್ರ. ಆ ದಿನ ನಾನು ಒಬ್ಬಳಿಗೆ ಜ್ವರ ನೋಡಲು ಬಂದವಳು ಅಲ್ಲೇ ಇದ್ದೆ.

“ಅಕ್ಕಾ, ಇದು ತಮಾಷೆ ಮಾಡೋ ಕಾಲ ಅಲ್ಲ.”

“ತಮಾಷೆ ಯಾರು ಮಾಡಿದ್ರು ಸಾರ್? ಮೂರು ದಿನ ಕೂತು ಬರ್ದಿದೀನಿ.”

“ಗುಂಪು ಅಂದ್ರೆ ಗುಂಪು ಅಕ್ಕ. ಗುಡ್ಡದವರು ಎಷ್ಟು ಜನ, ಹೊಳೆಯಾಚೆಯವರು ಎಷ್ಟು ಜನ. ಹೆಸರು ಸಮೇತ.”

ಆಗ ಅವಳಿಗೆ ಹೊಳೆಯಿತು. ಪೆನ್ನಿನ ಕ್ಯಾಪನ್ನು ತಿರುಗಿಸಿ ತಿರುಗಿಸಿ ಹಾಕಿದಳು. “ಯಾಕೆ ಸಾರ್?”

“ಅನುಕೂಲಕ್ಕೆ.”

“ಯಾರ ಅನುಕೂಲಕ್ಕೆ?”

ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. “ನನ್ನನ್ನ ಕೇಳಿದ ಹಾಗೆ ಇನ್ನೊಬ್ಬರನ್ನ ಕೇಳ್ಬೇಡಿ,” ಅಂದರು.

ಹುಡುಗರ ಹಾಸ್ಟೆಲಿಗೂ ಅದೇ ಫಾರಂ ಹೋಗಿತ್ತು. ಅಲ್ಲಿನ ಕ್ಲರ್ಕು ಜಾಣ. ಗುಂಪು ಅಂದರೆ ಏನು ಅಂತ ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ, ಎರಡೇ ದಿನದಲ್ಲಿ ಪಟ್ಟಿ ಕೊಟ್ಟಿದ್ದ. ಆ ವಾರ ಅಲ್ಲಿ ಕೆಲವು ಬಾಗಿಲಿನ ಮೇಲೆ ಸೀಮೆಸುಣ್ಣದ ಸೊನ್ನೆ ಕಾಣಿಸಿತು. ಅಂಗೈ ಅಗಲದ ಸೊನ್ನೆ, ಅಷ್ಟೇ. ಯಾರು ಬರೆದರೋ ಯಾರೂ ನೋಡಲಿಲ್ಲ. ಅದಾಗಿ ಮೂರನೇ ದಿನ ಗುಡ್ಡದ ಹುಡುಗನೊಬ್ಬ ನನ್ನ ಹತ್ತಿರ ಬಂದ. ಹುಬ್ಬು ಸೀಳಿತ್ತು, ಎರಡು ಬೆರಳು ಬಾತಿದ್ದವು.

“ಏನಾಯ್ತಪ್ಪ?”

“ಮೆಟ್ಟಿಲಿಂದ ಬಿದ್ದೆ ಸಿಸ್ಟರ್.”

ಪುಟ್ಟಿ, ಹುಡುಗರ ಹಾಸ್ಟೆಲಿಗೆ ಮಹಡಿಯೇ ಇಲ್ಲ. ನೆಲಕ್ಕೆ ಅಂಟಿದ ಉದ್ದನೆಯ ಕಟ್ಟಡ. ಆ ತಿಂಗಳಲ್ಲಿ ಇನ್ನೂ ನಾಲ್ವರು ಇಲ್ಲದ ಮೆಟ್ಟಿಲಿನಿಂದ ಬಿದ್ದರು. ನಾನು ಐದು ಚೀಟಿಯಲ್ಲೂ ಅದನ್ನೇ ಬರೆದೆ: ಮೆಟ್ಟಿಲಿನಿಂದ ಬಿದ್ದು ಗಾಯ.

ಮನೆಗೆ ಬಂದು ಇದನ್ನು ಹೇಳಿದೆ. ಹೇಳಬಾರದಿತ್ತೇನೋ. ಕಿಟಕಿಯಕ್ಕ ತಟ್ಟೆಯ ಮುಂದಿನಿಂದ ಕೈ ತೆಗೆದಳು.

“ನಾನು ಆ ಪಟ್ಟಿ ಕೊಡಲ್ಲ ಅತ್ತಿಗೆ.”

“ಕೊಡಲ್ಲ ಅಂದ್ರೆ?” ನಿನ್ನ ತಾತ ಕೇಳಿದರು.

“ಕೊಡಲ್ಲ ಅಂದ್ರೆ ಕೊಡಲ್ಲ ಅಣ್ಣ. ಇಪ್ಪತ್ತೆರಡು ವರ್ಷ ಯಾರನ್ನೂ ಕೇಳಿಲ್ಲ, ನೀನು ಯಾರ ಪೈಕಿ ಅಂತ. ಈಗ ಕೇಳಿದ್ರೆ ಅವರು ನನ್ನ ಮುಖ ಹೆಂಗ್ ನೋಡ್ತಾರೆ?”

“ನೀನು ಕೊಡದಿದ್ರೆ ಇನ್ನೊಬ್ಬರು ಕೊಡ್ತಾರೆ. ಬೆಕ್ಕಿಗೆ ಗಂಟೆ ಕಟ್ಟಕ್ಕೆ ನೀನೇ ಆಗ್ಬೇಕಾ?”

“ಇದು ಬೆಕ್ಕಿಗೆ ಕಟ್ಟೋ ಗಂಟೆ ಅಲ್ಲಣ್ಣ, ಇಲಿಗೆ ಕಟ್ಟೋದು.”

ತಾತನ ಕೋಪಕ್ಕೆ ಕಾರಣವಿತ್ತು. ಹದಿನಾಲ್ಕು ವರ್ಷ ತಾತ್ಕಾಲಿಕ ಅಂತಲೇ ದುಡಿದಿದ್ದರು. ಪ್ರತಿ ಆರು ತಿಂಗಳಿಗೊಮ್ಮೆ ಕಚೇರಿಯ ಮುಂದೆ ನಿಂತು ನನ್ನನ್ನು ಇನ್ನೂ ಆರು ತಿಂಗಳು ಇಟ್ಟುಕೊಳ್ಳಿ ಅಂತ ಅರ್ಜಿ ಕೊಡಬೇಕು. ಈಗ ಅವರ ಖಾಯಂ ಆರ್ಡರು ಸಹಿಗೆ ಹೋಗಿತ್ತು. ಬಯಲಿನವರಿಗೆಲ್ಲ ಆಗುತ್ತದೆ ಅಂತ ಮಾತಿತ್ತು. ನಿನ್ನ ಅಪ್ಪ ಆಗ ಹೈಸ್ಕೂಲು. ನನಗೆ ಎರಡೂ ಕಡೆ ಸರಿ ಅನ್ನಿಸುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಅಂಥ ಬುದ್ಧಿ ನನ್ನದು.

ಅವಳು ಕೊಡಲಿಲ್ಲ. ಕಚೇರಿಯವರು ಅವಳನ್ನು ಬಲವಂತ ಮಾಡುವ ಗೋಜಿಗೂ ಹೋಗಲಿಲ್ಲ. ಸುಮ್ಮನೆ ಹಾಸ್ಟೆಲಿನ ನೋಟೀಸ್ ಬೋರ್ಡಿನ ಕೆಳಗೆ ಒಂದು ಮೇಜು ಹಾಕಿಸಿ ಆ ಫಾರಮನ್ನು ಇಟ್ಟರು. ಪ್ರತಿಯೊಬ್ಬರೂ ತಮ್ಮ ಗುಂಪನ್ನು ತಾವೇ ಬರೆಯತಕ್ಕದ್ದು. ಬರೆಯದವರಿಗೆ ಪರೀಕ್ಷೆಯ ಹಾಲ್ ಟಿಕೆಟ್ ಇಲ್ಲ.

ಪರೀಕ್ಷೆಗೆ ಹದಿನೆಂಟು ದಿನ ಇತ್ತು. ಹುಡುಗಿಯರು ಸಾಲು ನಿಂತರು.

ಜಗಳವಾಗುತ್ತದೆ, ಹರಿದು ಬಿಸಾಡುತ್ತಾರೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಮೊದಮೊದಲು ನಗುತ್ತಲೇ ಬರೆದರು. ಆಮೇಲೆ ನಗು ಕಮ್ಮಿಯಾಯಿತು, ಯಾಕೆಂದರೆ ಮುಂದಿನವಳು ಬರೆದದ್ದನ್ನು ಹಿಂದಿನವಳು ಓದುತ್ತಿದ್ದಳು. ‘ಅಯ್ಯೋ ನೀನು ಅವರ ಪೈಕಿನಾ? ನಾಲ್ಕು ವರ್ಷದಿಂದ ಗೊತ್ತೇ ಇರಲಿಲ್ಲ’ ಅನ್ನುವ ಮಾತು ಕೇಳಿಸಿತು. ಪ್ರೀತಿಯಿಂದಲೇ ಅಂದದ್ದು. ಆದರೆ ಆ ಮಾತು ಆಡಿದ ಮೇಲೆ ಮತ್ತೆ ಬಾಯೊಳಕ್ಕೆ ಹೋಗುವುದಿಲ್ಲ.

ಒಬ್ಬ ಹುಡುಗಿ ಪೆನ್ನು ಹಿಡಿದು ನಿಂತುಬಿಟ್ಟಳು. ಗಣಿತ ಓದುವವಳು, ಸಣ್ಣ ಮೂಗು, ದಪ್ಪ ಕನ್ನಡಕ. ತಾಯಿ ಗುಡ್ಡದವಳು, ತಂದೆ ಹೊಳೆಯಾಚೆಯವನು.

“ಕಿಟಕಿಯಕ್ಕಾ, ನಾನೇನ್ ಬರೀಲಿ?”

“ನಿದ್ದೇಲಿ ಯಾವ ಭಾಷೆಲಿ ಕನವರಿಸ್ತೀಯ?” ಅಂತ ಕೇಳಿದಳು.

ಕೋಣೆಯ ಗೆಳತಿ ಹಿಂದಿನಿಂದ ಕೂಗಿದಳು. “ಲೆಕ್ಕ ಕನವರಿಸ್ತಾಳೆ ಅಕ್ಕ! ಎಕ್ಸ್ ಈಸ್ ಈಕ್ವಲ್ ಟು ಅಂತಾಳೆ!”

ಸಾಲಿಗೆ ಸಾಲೇ ನಕ್ಕಿತು. ಆ ಹುಡುಗಿಯೂ ನಕ್ಕು, ಜಾಗವನ್ನು ಖಾಲಿ ಬಿಟ್ಟು ಹೋದಳು. ಮಾರನೇ ಬೆಳಿಗ್ಗೆ ನೋಡಿದರೆ ಆ ಖಾಲಿ ಜಾಗದಲ್ಲಿ ಬೇರೆ ಯಾರದೋ ಅಕ್ಷರದಲ್ಲಿ, ಹಸಿರು ಶಾಯಿಯಲ್ಲಿ, ‘ಗುಡ್ಡ’ ಅಂತ ಬರೆದಿತ್ತು. ಹಸಿರು ಪೆನ್ನು ಕಚೇರಿಯವರ ಹತ್ತಿರ ಇರುತ್ತದೆ ಅಂತ ಹೇಳೋಣ ಅಂದರೆ, ಆ ಕೋಣೆಯ ಗೆಳತಿಯ ಹತ್ತಿರವೂ ಒಂದಿತ್ತು. ನಾನು ಯಾರ ಮೇಲೂ ಹೇಳುವುದಿಲ್ಲ.

ಪಟ್ಟಿ ತುಂಬಿತು. ಗುಡ್ಡದವರು ಮೂವತ್ತೊಂದು ಜನ. ಆದರೆ ಕೊನೆಯ ಹಾಳೆಯ ಕೆಳಗೆ ಅಚ್ಚಿನಲ್ಲಿ ಒಂದು ಸಾಲು ಇತ್ತು: ‘ಮೇಲ್ಕಂಡ ವಿವರಗಳು ನಾನು ಬಲ್ಲಂತೆ ಸತ್ಯ.’ ಅದರ ಕೆಳಗೆ ಕ್ಲರ್ಕಿನ ಸಹಿ ಬೇಕು. ಸಹಿ ಇಲ್ಲದೆ ಅದು ಬರೀ ಕಾಗದ.

“ನಾನು ಬಲ್ಲಂತೆ ಅಂತಿದೆ,” ಅಂದಳು ಕಿಟಕಿಯಕ್ಕ. “ನಾನು ಬಲ್ಲೆ ಅಂತ ಯಾರು ಹೇಳಿದ್ರು ಸಾರ್? ಯಾರು ಗೊರಕೆ ಹೊಡೀತಾರೆ ಅಂತ ಬರೀರಿ, ಕಣ್ಣು ಮುಚ್ಚಿ ಸಹಿ ಹಾಕ್ತೀನಿ.”

ಆ ಸಂಜೆಯೇ ಅವಳ ವರ್ಗಾವಣೆ ಬಂತು. ಲೈಬ್ರರಿಯ ನೆಲಮಾಳಿಗೆಗೆ, ಹಳೆಯ ಉತ್ತರಪತ್ರಿಕೆ ಕಟ್ಟುವ ಕೆಲಸಕ್ಕೆ. ಹಾಸ್ಟೆಲಿನ ಬೀಗದ ಕೈಗಳನ್ನು ಎಣಿಸಿ ಒಪ್ಪಿಸಿ ಬಂದಳು.

ಇನ್ನು ಮುಂದಿನದನ್ನು ನಿಧಾನವಾಗಿ ಬರೆದುಕೋ. ನಿನ್ನ ಅಪ್ಪನಿಗೂ ನಾನು ಇದನ್ನು ಹೇಳಿಲ್ಲ.

ಸೂಪರಿಂಟೆಂಡೆಂಟ್ ಮಾರನೇ ದಿನ ಆಸ್ಪತ್ರೆಗೆ ಬಂದರು. ಗಂಟಲು ನೋವು ಅಂದರು. ಬಾಯಿ ತೆರೆಸಿ ನೋಡಿದೆ, ಗಂಟಲು ಚೆನ್ನಾಗಿಯೇ ಇತ್ತು. ಆಮೇಲೆ ಮೇಜಿನ ಮೇಲೆ ಎರಡು ಕಾಗದ ಇಟ್ಟರು. ಒಂದು ಹುಡುಗಿಯರ ಪಟ್ಟಿ, ಕೊನೆಯ ಹಾಳೆ ಮೇಲೆ ಬರುವ ಹಾಗೆ ಮಡಚಿದ್ದು. ಇನ್ನೊಂದು ನಿನ್ನ ತಾತನ ಖಾಯಂ ಆರ್ಡರು, ಟೈಪ್ ಆಗಿತ್ತು, ಕುಲಪತಿಗಳ ಸಹಿ ಮಾತ್ರ ಬಾಕಿ.

“ಹುಡುಗಿಯರನ್ನ ಬಲ್ಲ ಖಾಯಂ ನೌಕರರು ಯಾರು ಬೇಕಾದ್ರೂ ಸಹಿ ಹಾಕಬಹುದಂತೆ ಸಿಸ್ಟರ್,” ಅಂದರು. ಎರಡನೆಯ ಕಾಗದವನ್ನು ಸುಮ್ಮನೆ ನೇರವಾಗಿ, ಇನ್ನೊಂದರ ಅಂಚಿಗೆ ಅಂಚು ಕೂಡಿಸಿ ಇಟ್ಟರು.

“ಅವರೇ ಬರ್ದಿರೋದಲ್ವಾ,” ಅಂದೆ ನಾನು. ಅವರನ್ನು ಕೇಳಿದೆನೋ ನನಗೇ ಹೇಳಿಕೊಂಡೆನೋ.

“ಅವರೇ ಬರ್ದಿರೋದು ಸಿಸ್ಟರ್. ನೀವು ಹೊಸದಾಗಿ ಏನೂ ಬರೀತಿಲ್ಲ.”

ಮೂವತ್ತೊಂದು ಹೆಸರನ್ನೂ ಓದಿದೆ. ಎಲ್ಲರ ಬೆರಳನ್ನೂ ಚುಚ್ಚಿದವಳು ನಾನು. ಯಾರು ಸೂಜಿ ಕಂಡರೆ ಅಳುತ್ತಾಳೆ, ಯಾರು ಮುಖ ತಿರುಗಿಸುತ್ತಾಳೆ ಅಂತ ಗೊತ್ತಿತ್ತು. ಸಹಿ ಹಾಕಿದೆ. ನನ್ನ ಸಹಿ ಆಗ ಬಹಳ ಚೆನ್ನಾಗಿತ್ತು, ದುಂಡಗೆ.

ಸಂಜೆ ಕಿಟಕಿಯಕ್ಕ ಬಂದಳು, ಕೂದಲಲ್ಲೆಲ್ಲ ಕಾಗದದ ಧೂಳು. ಸುದ್ದಿ ಅವಳಿಗೆ ಮುಟ್ಟಿತ್ತು. ಕಾಲು ತೊಳೆದು ಒಳಗೆ ಬಂದು ಕೇಳಿದಳು. “ಅತ್ತಿಗೆ, ಓದಿ ಹಾಕಿದ್ರಾ, ಓದದೆ ಹಾಕಿದ್ರಾ?”

“ಓದಿ ಹಾಕ್ದೆ.”

“ಸರಿ,” ಅಂದಳು. ಆಮೇಲೆ ಹಾಲು ಕಾಸಿಟ್ಟಿದೀರಾ ಅಂತ ಕೇಳಿದಳು. ಬೈದಿದ್ದರೆ ಜಗಳವಾಡಬಹುದಿತ್ತು. ‘ನಿನ್ನ ಅಣ್ಣನಿಗಾಗಿ ಮಾಡಿದೆ’ ಅಂತ ಕೂಗಬಹುದಿತ್ತು. ಅವಳು ಅದಕ್ಕೆ ಜಾಗವನ್ನೇ ಕೊಡಲಿಲ್ಲ.

ಹತ್ತು ದಿನದಲ್ಲಿ ಮೂವತ್ತೊಂದು ಹುಡುಗಿಯರನ್ನು ಹಳೆಯ ಲಾಂಡ್ರಿ ಕಟ್ಟಡಕ್ಕೆ ಸಾಗಿಸಿದರು. ಆಟದ ಮೈದಾನದ ಹಿಂದೆ, ರೈಲು ಹಳಿಯ ಪಕ್ಕ, ಸುತ್ತ ಮೊಣಕಾಲೆತ್ತರ ಹುಲ್ಲು. ಅವರ ರಕ್ಷಣೆಗಾಗಿ ಅಂತ ನೋಟೀಸು. ಬಾಗಿಲಿಗೆ ಕಬ್ಬಿಣದ ಗೇಟು ಹಾಕಿದರು, ಅದಕ್ಕೆ ಸರಪಳಿ ಹೊರಗಿನಿಂದ. ರಕ್ಷಣೆಗೆ ಹಾಕುವ ಸರಪಳಿ ಒಳಗಿನಿಂದ ಇರಬೇಕಲ್ಲವಾ ಅಂತ ನಾನು ಯೋಚಿಸಿದೆ. ಯಾರನ್ನೂ ಕೇಳಲಿಲ್ಲ. ಒಂದು ವಾರದಲ್ಲಿ ಐವರನ್ನು ಅಪ್ಪಂದಿರು ಬಂದು ಕರೆದುಕೊಂಡು ಹೋದರು. ಇಪ್ಪತ್ತಾರು ಉಳಿದರು. ಕಿಟಕಿಯಕ್ಕ ದಿನಾ ಕೆಲಸ ಮುಗಿಸಿ ನೇರ ಅಲ್ಲಿಗೇ ಹೋಗಿ, ಅವರ ಜೊತೆ ಮೆಟ್ಟಿಲ ಮೇಲೆ ಕೂತು ಬರುತ್ತಿದ್ದಳು.

ಒಂದು ಶುಕ್ರವಾರ ಲೈಬ್ರರಿಯಲ್ಲಿ ಮಾತು ಹರಡಿತು: ಮಾರನೇ ದಿನ ಪಟ್ಟೆ ಶರ್ಟಿನವರ ಮೆರವಣಿಗೆ, ಅದು ಲಾಂಡ್ರಿ ಕಟ್ಟಡದ ಮುಂದೆ ಮುಗಿಯುತ್ತದೆ. ಅವಳು ಮನೆಗೆ ಬಂದು ಹಾಸಿಗೆ ಸುತ್ತತೊಡಗಿದಳು.

ಪುಟ್ಟಿ, ಯಾಕೆ ಪೆನ್ನು ನಿಲ್ಲಿಸಿದೆ? ಗಾಬರಿಯಾಗಬೇಡ, ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳು ಸಾಯಲಿಲ್ಲ. ಆ ಶನಿವಾರ ಕಲ್ಲು ಬಿತ್ತು, ಇಬ್ಬರು ಹುಡುಗಿಯರ ತಲೆ ಒಡೆಯಿತು, ಇವಳ ಬಲಗೈ ಮುರಿದು ಸೊಟ್ಟಗೇ ಕೂಡಿಕೊಂಡಿತು. ಅದಾಗಿ ನಾಲ್ಕು ತಿಂಗಳ ಮೇಲೆ ಆ ಕಟ್ಟಡದಿಂದ ಹೊರಗೆ ಬಂದಾಗ ಅವಳ ಜೊತೆ ಒಂಬತ್ತು ಹುಡುಗಿಯರು ಉಳಿದಿದ್ದರು, ಮಿಕ್ಕವರು ಓದು ಬಿಟ್ಟು ಊರಿಗೆ ಹೋಗಿದ್ದರು. ಒಂಬತ್ತು ಜನವೂ ಪರೀಕ್ಷೆ ಬರೆದಿದ್ದರು. ಮಾರನೇ ವರ್ಷ ಪ್ರವೇಶದ ಅರ್ಜಿಯಲ್ಲೇ ಆ ಕಾಲಂ ಬಂತು, ಗುಡ್ಡದಿಂದ ಯಾರೂ ಅರ್ಜಿ ಹಾಕಲಿಲ್ಲ. ನಿನ್ನ ತಾತ ಖಾಯಂ ಆದರು. ಅವಳ ಸರ್ವಿಸ್ ಪುಸ್ತಕದಲ್ಲಿ ಒಂದು ತಪ್ಪು ಸೇರಿಕೊಂಡಿತು, ನಿವೃತ್ತಿಯಾಗುವವರೆಗೂ ಅದರಿಂದ ಅವಳಿಗೆ ಒಂದು ಬಡ್ತಿಯೂ ಸಿಗಲಿಲ್ಲ. ತಿದ್ದಿಸು ಅಂತ ಎಷ್ಟೋ ಸಲ ಹೇಳಿದೆ. ತಿದ್ದಿಸಲಿಲ್ಲ. ಆ ತಪ್ಪು ಹೇಗೆ ಸೇರಿತು ಅಂತ ನಾನು ಕಣ್ಣಾರೆ ನೋಡಿದ್ದೇನೆ, ಅದನ್ನು ಬರೆದುಕೋ.

ಶುಕ್ರವಾರ ಸಂಜೆ ಐದು ಗಂಟೆ. ಅವಳು ಮುಂದೆ, ಸುತ್ತಿದ ಹಾಸಿಗೆ ಕಂಕುಳಲ್ಲಿ. ನಾನು ಹಿಂದೆ, ಅವಳ ಸೆರಗು ಹಿಡಿದು ಎಳೆಯುತ್ತಾ.

“ಹುಚ್ಚು ಹಿಡೀತೇನೇ ನಿನಗೆ? ನೀನು ಹೋಗಿ ಏನ್ ಮಾಡ್ತೀಯ ಅಲ್ಲಿ? ಅವರು ಕಲ್ಲು ಹೊಡುದ್ರೆ ನೀನು ಎದೆ ಕೊಡ್ತೀಯಾ?”

“ಏನೂ ಮಾಡಲ್ಲ ಅತ್ತಿಗೆ. ಬಯಲಿನವಳೊಬ್ಬಳು ಒಳಗಿದಾಳೆ ಅಂದ್ರೆ ಸ್ವಲ್ಪ ಸಣ್ಣ ಕಲ್ಲು ಹುಡುಕ್ತಾರೆ.”

ಮೈದಾನದ ಅಂಚಿನಲ್ಲಿ ಏಳೆಂಟು ಪಟ್ಟೆ ಶರ್ಟು ಮೋಟರ್ ಬೈಕಿನ ಮೇಲೆ ಕಾಲು ಚಾಚಿಕೊಂಡು ಕೂತಿದ್ದವು. ಮಾತಿಲ್ಲ, ಸಿಗರೇಟೂ ಇಲ್ಲ. ಏನೋ ಮಾಡುತ್ತಿರುವವರಿಗಿಂತ ಏನೂ ಮಾಡದೆ ಕೂತವರನ್ನು ಕಂಡರೆ ನನಗೆ ಹೆಚ್ಚು ಹೆದರಿಕೆ.

ಗೇಟಿನಲ್ಲಿ ನಮ್ಮ ಹಳೆಯ ವಾಚ್‌ಮನ್ನೇ ಇದ್ದ. ಅವನ ಮಗಳ ಹೆರಿಗೆ ಮಾಡಿಸಿದವಳು ನಾನು, ಮೊಮ್ಮಗುವಿಗೆ ಸ್ವೆಟರ್ ಹೆಣೆದವಳು ಇವಳು. ಅವನ ಮುಂದೆ ಸ್ಟೂಲಿನ ಮೇಲೆ ಹೊಸ ಪುಸ್ತಕ, ದಾರ ಕಟ್ಟಿದ ಪೆನ್ನು. ಅವನು ನಮ್ಮ ಮುಖ ನೋಡಲಿಲ್ಲ.

“ಇವತ್ತಿಂದ ಹೆಸರು, ಗುಂಪು ಬರ್ಕೊಂಡೇ ಬಿಡ್ಬೇಕು ಅಕ್ಕ. ಗುಡ್ಡದವರನ್ನ ಬಿಟ್ಟು ಬೇರೆಯವರು ಒಳಗೆ ಹೋಗೋ ಹಾಗಿಲ್ಲ. ಸಂಜೆ ಈ ಪುಸ್ತಕ ಕಚೇರಿಗೆ ಹೋಗುತ್ತೆ.”

“ನಾನು ಯಾರು ಅಂತ ನಿನಗೆ ಗೊತ್ತಿಲ್ವೇನಪ್ಪಾ?”

“ಗೊತ್ತು ಅಕ್ಕ. ಕೇಳಿ ಬರ್ಕೋಬೇಕು ಅಂತ ಆರ್ಡರ್.”

“ಹಂಗಾದ್ರೆ ಕೇಳು.”

ಅವನು ಗಂಟಲು ಸರಿಮಾಡಿಕೊಂಡ. ಮುದುಕ ಪಾಪ, ಪುಸ್ತಕ ನೋಡಿಕೊಂಡೇ ಕೇಳಿದ. “ನೀವು ಯಾವ ಗುಂಪು?”

ಈ ಸಲ ಅವಳು ತಪ್ಪು ತಿಳಿಯಲಿಲ್ಲ.

“ಗುಡ್ಡದವಳು ಅಂತ ಬರ್ಕೋ.”

ಅವನು ಪೆನ್ನು ಎತ್ತಿ ಹಿಡಿದ. “ಅಕ್ಕಾ, ಇದರಲ್ಲಿ ಬರ್ದಿದ್ದನ್ನ ಹೊಡ್ದಾಕಕ್ಕೆ ಆಗಲ್ಲ.”

“ಬರಿಯಪ್ಪ. ಬೈಕಿನೋರು ನೋಡ್ತಾ ಇದಾರೆ, ನಿನ್ನ ಕೆಲಸಕ್ಕೆ ಸಂಚಕಾರ ಬರುತ್ತೆ.”

ಅವನು ಬರೆದ. ಸರಪಳಿ ತೆಗೆದ. ಅವಳು ಹಾಸಿಗೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಒಳಗೆ ಹೋದಳು. ಮೇಲಿನಿಂದ ಯಾವಳೋ ಹುಡುಗಿ “ಅಕ್ಕ ಬಂದ್ರು, ಅಕ್ಕ ಬಂದ್ರು” ಅಂತ ಅವರ ಮಾತಿನಲ್ಲಿ ಕೂಗಿದಳು. ಸರಪಳಿ ಮತ್ತೆ ಬಿತ್ತು. ಬೈಕಿನ ಮೇಲಿದ್ದವರಲ್ಲಿ ಒಬ್ಬ ಕೆಳಗಿಳಿದು, ನಿಧಾನವಾಗಿ, ಪುಸ್ತಕದಲ್ಲಿ ಏನು ಬರೆದಿದೆ ಅಂತ ನೋಡಲು ನಮ್ಮ ಕಡೆಗೆ ನಡೆದು ಬರತೊಡಗಿದ.

ವಾಚ್‌ಮನ್ ಹೊಸ ಸಾಲಿಗೆ ಪೆನ್ನು ಇಟ್ಟು ನನ್ನ ಕಡೆ ತಿರುಗಿದ. “ನೀವಮ್ಮ?”

“ನಾನು ಸುಮ್ನೆ ಜೊತೆಗೆ ಬಂದೆ,” ಅಂದೆ.

ಮೈದಾನ ದಾಟಿ ಮನೆಗೆ ಬಂದೆ. ನಿನ್ನ ತಾತ ಬಾಗಿಲಲ್ಲೇ ನಿಂತಿದ್ದರು. ತಂಗಿ ಎಲ್ಲಿ ಅಂತ ಕೇಳಿದರು. ಲೈಬ್ರರೀಲಿ ಕೆಲಸ ಇದೆಯಂತೆ, ಬರ್ತಾಳೆ, ನೀವು ಊಟಕ್ಕೆ ಬನ್ನಿ ಅಂದೆ.